ಮೂರು ಬಿಳಿ, ಉಳಿದದ್ದೆಲ್ಲ ಕಪ್ಪು

19 ಜನವರಿ 2025, ಭಾನುವಾರ

3 ಗೆಲುವು, 238 ಸೋಲು, 1 ಗೈರು.

ಬೆಳಿಗ್ಗೆಯಿಂದ ಈ ಮೂರು ಅಂಕಿ ತಲೆಯಲ್ಲೇ ಸುತ್ತುತ್ತಿವೆ. ಟೋಕಿಯೊದಲ್ಲಿ ಸುಮೊ ಟೂರ್ನಿ ನಡೀತಿದೆಯಲ್ಲ, ಅದರ ಫಲಿತಾಂಶ ನೋಡಲು ಹೋಗಿ ಶೋನನ್‌ಜಕುರಾ ಎಂಬ ಹಳೆಯ ಪೈಲ್ವಾನನ ದಾಖಲೆಯಲ್ಲಿ ಸಿಕ್ಕಿಕೊಂಡೆ. ಚಿಗಸಾಕಿ ಊರಿನ ಹುಡುಗ. 2015ರಲ್ಲಿ, 17ನೇ ವಯಸ್ಸಿಗೆ, ಇಬಾರಾಕಿಯ ಶಿಕಿಹಿದೆ ಗರಡಿ ಸೇರಿದ. 2021ರಲ್ಲಿ ಬಿಟ್ಟ. ಮೊದಲು ಹತ್ತೋರಿಜಕುರಾ ಎಂಬ ಹೆಸರಿತ್ತು. ಆಮೇಲೆ ಇಟ್ಟ ಹೆಸರಿನ ಮೊದಲ ಅಕ್ಷರಕ್ಕೆ ಜಪಾನಿಯಲ್ಲಿ 'ಗೆಲುವು' ಅಂತ ಅರ್ಥ. ಪಾಪ.

ಸುಮೊದಲ್ಲಿ ಆರು ದರ್ಜೆ. ಕೆಳಗಿನದು ಜೊನೊಕುಚಿ. ಶ್ರೇಯಾಂಕದ ಹಾಳೆಯಲ್ಲಿ ಆ ದರ್ಜೆಯವರ ಹೆಸರಿನ ಅಕ್ಷರ ಎಷ್ಟು ಸಣ್ಣದೆಂದರೆ, ಅವರಿಗೆ 'ಭೂತಗನ್ನಡಿ' ಅಂತಲೇ ಅಡ್ಡಹೆಸರು. ಮೇಲಿನ ಎರಡು ದರ್ಜೆಯವರಿಗೆ 15 ದಿನಕ್ಕೆ 15 ಕುಸ್ತಿ, ತಿಂಗಳ ಸಂಬಳ. ಕೆಳಗಿನವರಿಗೆ ಸಾಮಾನ್ಯವಾಗಿ ಏಳೇ ಕುಸ್ತಿ. ಸಂಬಳವಿಲ್ಲ, ಟೂರ್ನಿಗೊಮ್ಮೆ ಒಂದಿಷ್ಟು ಭತ್ಯೆ. ಗರಡಿಯ ಅಡುಗೆ, ಕಸ ಗುಡಿಸುವುದು ಇವರ ಪಾಲಿಗೆ. ಏಳರಲ್ಲಿ ನಾಲ್ಕು ಗೆದ್ದರೆ ಮೇಲಕ್ಕೆ. ಇವನು ಆರು ವರ್ಷದಲ್ಲಿ ಗೆದ್ದದ್ದೇ ಮೂರು. ನೂರಕ್ಕೆ ಒಂದೂಕಾಲು ಅನ್ನಿ.

ಫಲಿತಾಂಶದ ಪಟ್ಟಿಯಲ್ಲಿ ಗೆದ್ದರೆ ಬಿಳಿ ಚುಕ್ಕೆ, ಸೋತರೆ ಕಪ್ಪು. ಇವನ ಪುಟ ನೋಡಿದರೆ ಸಾಸಿವೆ ಚೆಲ್ಲಿದ ಹಾಗಿದೆ. ಮೊದಲ ಬಿಳಿ ಚುಕ್ಕೆ 2016ರಲ್ಲಿ. ಆಮೇಲೆ ಸತತ 89 ಸೋಲು. 2018ರಲ್ಲಿ ಇನ್ನೊಂದು ಬಿಳಿ. 2019ರ ಜನವರಿಯಲ್ಲಿ ಮೂರನೆಯದು, ಕೊನೆಯದು. ಅಲ್ಲಿಂದ ಆಟ ಬಿಡುವವರೆಗೆ 104 ಸೋಲು, ಒಂದೇ ಸಮನೆ. ಸುಮೊದ ಮಹಾನ್ ಪೈಲ್ವಾನ ಫುತಬಯಾಮಾ ಸತತವಾಗಿ ಗೆದ್ದದ್ದು 69. ಆ ದಾಖಲೆ 1939ರಿಂದ ಯಾರ ಕೈಗೂ ಸಿಕ್ಕಿಲ್ಲ. ಈ ಹುಡುಗ ಎದುರು ದಿಕ್ಕಿನಲ್ಲಿ ಅದನ್ನು ಎರಡು ಸಲ ದಾಟಿದ!

ಎತ್ತರ ಇತ್ತು, ಮೈ ಇರಲಿಲ್ಲ. 2016ರಲ್ಲಿ ಒಮ್ಮೆ ಎದುರಾಳಿ ಮುಟ್ಟುವ ಮೊದಲೇ ಹೆದರಿ ತಾನೇ ಮಣ್ಣಿಗೆ ಬಿದ್ದ. ಗುರುಗಳಿಂದ ಬೈಸಿಕೊಂಡ. ಆ ವಿಡಿಯೊ ನೋಡಿ ನಾನೂ ಹಿಂದೊಮ್ಮೆ ಜೋರಾಗಿ ನಕ್ಕಿದ್ದೆ. ಸುಳ್ಳೇಕೆ ಹೇಳಲಿ.

ಇವತ್ತು ನಗು ಬರಲಿಲ್ಲ. ಕಣ್ಣು ಹೋದದ್ದು ಕೊನೆಯ ಅಂಕಿಯ ಮೇಲೆ. 1 ಗೈರು. ದೊಡ್ಡ ದೊಡ್ಡ ಯೊಕೊಜುನಾಗಳೇ, ಅಂದರೆ ಅತಿ ಮೇಲಿನ ಪದವಿಯ ಪೈಲ್ವಾನರೇ, ಮಂಡಿ ನೋವು, ಸೊಂಟ ನೋವು ಅಂತ ಇಡೀ ಟೂರ್ನಿ ಬಿಡುತ್ತಾರೆ. ಬಿಡಲಿ, ನೋವು ನೋವೇ ಅಲ್ವಾ. ಇವನು ಮಾತ್ರ 241 ಸಲ ಬಂದ. ಬೆಳಿಗ್ಗೆ ಎಂಟೂವರೆಗೆಲ್ಲ ಶುರುವಾಗುವ ಕುಸ್ತಿ. ಕುರ್ಚಿಗಳು ಖಾಲಿ ಖಾಲಿ. ಸೋಲುತ್ತೇನೆ ಅಂತ ಹೆಚ್ಚುಕಡಿಮೆ ಗೊತ್ತಿದ್ದೂ ಬಂದು, ತಲೆಬಾಗಿ, ಕೈ ಊರಿ ಕೂತ. ನನ್ನ ಕೈಯಲ್ಲಾದರೆ ಹತ್ತನೆಯ ಸಲಕ್ಕೇ ಜ್ವರ ಬಂದಿರುತ್ತಿತ್ತು.

ಆ ಕೊನೆಯ ಕಪ್ಪು ಸಾಲನ್ನು ಸುಮ್ನೆ ಬೆರಳಿಟ್ಟು ಎಣಿಸುತ್ತಾ ಕೂತೆ. ತೊಂಬತ್ತು ದಾಟಿದ್ದೆ. ಅಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿತು.