ಪಾಠ ಮಾಡುತ್ತಲೇ ಕೆ-ಸೆಟ್, ನೆಟ್: ಅಂಕ ಸೋರಿ ಹೋಗುವುದು ಪತ್ರಿಕೆ ಒಂದರಲ್ಲಿ

ಕಾಲೇಜಿನಲ್ಲಿ ಪಾಠ ಮಾಡುತ್ತಿರುವವರು ಅರ್ಹತೆ ಪಡೆಯಲು ಹೊರಟಾಗ ಮೊದಲು ತೀರ್ಮಾನ ಆಗಬೇಕಾದದ್ದು, ಯಾವ ಅರ್ಹತೆ ಎಂಬುದು. ಕರ್ನಾಟಕದಲ್ಲಿ ಪಿಯು ಉಪನ್ಯಾಸಕರ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆ ಬಿ.ಇಡಿ ಕೇಳುತ್ತಾರೆ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಿ.ಇಡಿ ಲೆಕ್ಕಕ್ಕೇ ಬರುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಜುಲೈನಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಲ್ಲಿಗೆ ಕನಿಷ್ಠ ಮಾನದಂಡ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು, ಕರ್ನಾಟಕದಲ್ಲಿ ಕೆ-ಸೆಟ್); ಪಿಎಚ್‌.ಡಿ ಕಡ್ಡಾಯವಲ್ಲ. ಇದನ್ನು ನೋಡಿಕೊಳ್ಳದೆ ಎರಡು ವರ್ಷ ಬಿ.ಇಡಿಗೆ ಕೊಟ್ಟು, ಆಮೇಲೆ ಪದವಿ ಕಾಲೇಜಿನ ಅರ್ಜಿ ತುಂಬುವಾಗ ಗೊತ್ತಾದರೆ ಆ ಎರಡು ವರ್ಷ ವಾಪಸ್ ಬರುವುದಿಲ್ಲ.

ಬಿ.ಇಡಿಯನ್ನು ಕೆಲಸದ ಜೊತೆಜೊತೆಗೇ ಮುಗಿಸುತ್ತೇನೆ ಎನ್ನುವವರಿಗೂ ಒಂದು ಮಾತು. ಶಿಕ್ಷಕ ತರಬೇತಿಯ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದಂತೆ ಅದು ಎರಡು ವರ್ಷದ ಕೋರ್ಸು. ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಬೇಕು. ಶಾಲೆಗಳಲ್ಲೇ ಒಟ್ಟು 20 ವಾರ ಕಳೆಯಬೇಕು. ದೂರಶಿಕ್ಷಣದ ಬಿ.ಇಡಿ ಇದೆಯಲ್ಲ ಎಂದರೆ, ಅದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ ಮಾತ್ರ. ಎಂ.ಎ ಮುಗಿಸಿ ನೇರವಾಗಿ ಕಾಲೇಜಿಗೆ ಬಂದವರಿಗೆ ಆ ಬಾಗಿಲು ತೆರೆಯುವುದಿಲ್ಲ. 'ಬರದಿದ್ದರೂ ನಡೆಯುತ್ತೆ, ನಾವು ನೋಡಿಕೊಳ್ತೇವೆ' ಎನ್ನುವ ಕಡೆ ದಯವಿಟ್ಟು ಸೇರಬೇಡಿ. ಒಂದೇ ಅವಧಿಗೆ ಕಾಲೇಜಿನ ಸೇವಾ ಪ್ರಮಾಣಪತ್ರವೂ ಪೂರ್ಣಾವಧಿ ಬಿ.ಇಡಿ ಹಾಜರಾತಿಯೂ ದಾಖಲೆ ಪರಿಶೀಲನೆಯ ಮೇಜಿನ ಮೇಲೆ ಒಟ್ಟಿಗೆ ಬಂದರೆ ಎರಡನ್ನೂ ಸಮರ್ಥಿಸಿಕೊಳ್ಳಲು ಆಗುವುದಿಲ್ಲ.

ನೌಕರಿ ಬಿಡದೆ ಪಡೆಯಬಹುದಾದದ್ದು ನೆಟ್ ಮತ್ತು ಕೆ-ಸೆಟ್. ಎರಡರಲ್ಲೂ ಎರಡು ಪತ್ರಿಕೆ. ಎಲ್ಲ ವಿಷಯದವರೂ ಬರೆಯುವ ಮೊದಲನೆಯದಾದ ಪತ್ರಿಕೆ ಒಂದಕ್ಕೆ 50 ಪ್ರಶ್ನೆ, 100 ಅಂಕ. ನಿಮ್ಮ ವಿಷಯದ ಪತ್ರಿಕೆ ಎರಡಕ್ಕೆ 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿಯಿಲ್ಲ. ನೆಟ್ ಕಂಪ್ಯೂಟರಿನಲ್ಲಿ, ಕೆ-ಸೆಟ್ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತವೆ; ಕೆ-ಸೆಟ್‌ನ ಪತ್ರಿಕೆ ಒಂದು ಕನ್ನಡದಲ್ಲೂ ಸಿಗುತ್ತದೆ. ಆದರೆ ಕೆ-ಸೆಟ್ ಅರ್ಹತೆ ನಡೆಯುವುದು ಕರ್ನಾಟಕದೊಳಗೆ ಮಾತ್ರ. ಎರಡಕ್ಕೂ ಅರ್ಜಿ ಹಾಕಿ. ತಯಾರಿ ಹೇಗೂ ಒಂದೇ.

ಇನ್ನು ಅಸಲು ವಿಷಯ. ಸಾಮಾನ್ಯ ವರ್ಗಕ್ಕೆ ಶೇ. 40, ಮೀಸಲು ವರ್ಗಗಳಿಗೆ ಶೇ. 35 ಎಂಬುದು ಎರಡೂ ಪತ್ರಿಕೆ ಸೇರಿಸಿದ ಕನಿಷ್ಠ ಅಂಕ, ಅಂದರೆ 300ಕ್ಕೆ 120 ಅಥವಾ 105. ಅಷ್ಟು ಬಂದರೆ ಪಾಸಾದೆ ಎಂದುಕೊಳ್ಳುವವರು ಬಹಳ. ಅದು ಹೊಸ್ತಿಲು ಮಾತ್ರ. ಎರಡೂ ಪತ್ರಿಕೆ ಬರೆದವರ ಸಂಖ್ಯೆಯ ಶೇ. 6ರಷ್ಟು ಮಂದಿಗೆ ಮಾತ್ರ ಅರ್ಹತೆ. ಅದನ್ನು ವಿಷಯವಾರು, ವರ್ಗವಾರು ಹಂಚಿ ಮೇಲಿನಿಂದ ಆರಿಸುತ್ತಾರೆ. ಹಾಗಾಗಿ ಒಂದು ಪ್ರಶ್ನೆಯ ಎರಡು ಅಂಕಕ್ಕೆ ಜನ ಉಳಿದುಬಿಡುತ್ತಾರೆ. ನಿಮ್ಮ ಜೊತೆ ಬರೆಯುವ ಎಲ್ಲರೂ ಅದೇ ವಿಷಯ ಓದಿದವರು; ಪತ್ರಿಕೆ ಎರಡರಲ್ಲಿ ಅವರನ್ನು ಬಹಳ ಹಿಂದೆ ಹಾಕುವುದು ಕಷ್ಟ. ಅಂತರ ಬೀಳುವುದು ಪತ್ರಿಕೆ ಒಂದರಲ್ಲಿ. ಪಾಠ ಮಾಡುವವರು ಕಡೆಗಣಿಸುವುದೂ ಅದನ್ನೇ, 'ದಿನಾ ಮಾಡುವ ಕೆಲಸವೇ ತಾನೆ' ಎಂದು.

ಆ ಪತ್ರಿಕೆಯಲ್ಲಿ ಹತ್ತು ಘಟಕ, ಪ್ರತಿ ಘಟಕದಿಂದ ಸರಾಸರಿ ಐದು ಪ್ರಶ್ನೆ. ಬೋಧನಾ ಸಾಮರ್ಥ್ಯದ ಘಟಕದಲ್ಲೇ ಉಪನ್ಯಾಸಕರು ಅಂಕ ಬಿಡುವುದು ಆಶ್ಚರ್ಯವೆನಿಸಬಹುದು, ಕಾರಣ ಮಾತ್ರ ಸ್ಪಷ್ಟ: ನಮ್ಮ ತರಗತಿಯಲ್ಲಿ ನಡೆಯುವುದನ್ನು ಉತ್ತರವಾಗಿ ಕೊಡುತ್ತೇವೆ, ಪ್ರಶ್ನೆ ಕೇಳುವುದು ಶಿಕ್ಷಣಶಾಸ್ತ್ರ ಹೇಳುವುದನ್ನು. ಸೆಮಿಸ್ಟರ್ ಮಧ್ಯದ ಆಂತರಿಕ ಪರೀಕ್ಷೆಯ ಅಂಕವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ ಸುಮ್ಮನಾದರೆ ಅದು ರೂಪಣಾತ್ಮಕ ಮೌಲ್ಯಮಾಪನ ಆಗುವುದಿಲ್ಲ. ಉತ್ತರ ಪತ್ರಿಕೆ ನೋಡಿ, ಎಲ್ಲಿ ಎಡವಿದ್ದಾರೆಂದು ತಿಳಿದು ಮುಂದಿನ ಪಾಠ ಬದಲಿಸಿದಾಗಷ್ಟೇ ಆ ಹೆಸರು ಸಲ್ಲುತ್ತದೆ. ಮಾನಕ ಆಧಾರಿತ, ನಿಕಷ ಆಧಾರಿತ ಪರೀಕ್ಷೆಗಳ ನಡುವೆಯೂ ಇದೇ ಗೊಂದಲ. ಶೇ. 40 ಬಂದವರೆಲ್ಲ ಪಾಸು ಎಂದರೆ ನಿಕಷ, ಮೇಲಿನ ಶೇ. 6 ಜನ ಮಾತ್ರ ಎಂದರೆ ಮಾನಕ. ಕೆ-ಸೆಟ್ ಎರಡನ್ನೂ ಒಟ್ಟಿಗೆ ಬಳಸುತ್ತದೆ, ನೆನಪಿಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ತರ್ಕದ ಘಟಕಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಇಲ್ಲಿ ಕಲಿತದ್ದು ಪ್ರತಿ ಸಲ ಅಂಕವಾಗಿ ಬರುತ್ತದೆ. 'ಎಲ್ಲ', 'ಯಾವುದೂ ಅಲ್ಲ', 'ಕೆಲವು' ಎಂಬ ಹೇಳಿಕೆಗಳ ನಡುವಿನ ಸಂಬಂಧ ತೋರಿಸುವ ವಿರೋಧ ಚೌಕದ ಪ್ರಶ್ನೆ ನೋಡಿ. 'ಎಲ್ಲ ಉಪನ್ಯಾಸಕರೂ ಸಂಶೋಧಕರು' ಎಂಬುದು ಸುಳ್ಳು ಎಂದು ಕೊಟ್ಟು, ಖಚಿತವಾಗಿ ಏನು ಹೇಳಬಹುದು ಎಂದು ಕೇಳುತ್ತಾರೆ. ಅವಸರದಲ್ಲಿ 'ಯಾವ ಉಪನ್ಯಾಸಕರೂ ಸಂಶೋಧಕರಲ್ಲ' ಎಂಬುದನ್ನು ಗುರುತು ಹಾಕುತ್ತಾರೆ. ಖಚಿತವಾದದ್ದು ಒಂದೇ: 'ಕೆಲವು ಉಪನ್ಯಾಸಕರು ಸಂಶೋಧಕರಲ್ಲ'. 'ಕೆಲವು ಉಪನ್ಯಾಸಕರು ಸಂಶೋಧಕರು' ಎಂಬುದು ಸಹ ನಿರ್ಧರಿಸಲಾಗದ್ದು, ಒಬ್ಬರೂ ಇಲ್ಲದಿರಬಹುದು. ಆಡುಮಾತಿನಲ್ಲಿ 'ಕೆಲವರು' ಎಂದರೆ 'ಎಲ್ಲರೂ ಅಲ್ಲ' ಎಂದಾಗುತ್ತದೆ, ತರ್ಕದಲ್ಲಿ ಅದು 'ಕನಿಷ್ಠ ಒಬ್ಬರು' ಅಷ್ಟೇ. ಈ ಒಂದು ವ್ಯತ್ಯಾಸ ಕೈಗೆ ಹತ್ತಿದರೆ ಚೌಕದ ಅರ್ಧ ಪ್ರಶ್ನೆಗಳು ಸಲೀಸು.

ಭಾರತೀಯ ತರ್ಕ ಅದೇ ಘಟಕದಲ್ಲಿದೆ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿ ಇದೆ ಎನ್ನುವ ಅನುಮಾನದಲ್ಲಿ ಬೆಟ್ಟ 'ಪಕ್ಷ' (ಯಾವುದರ ಬಗ್ಗೆ ಹೇಳುತ್ತೇವೋ ಅದು), ಬೆಂಕಿ 'ಸಾಧ್ಯ' (ಸಾಧಿಸಬೇಕಾದದ್ದು), ಹೊಗೆ 'ಹೇತು' (ಕಾರಣ); ಹೊಗೆ ಇದ್ದಲ್ಲೆಲ್ಲ ಬೆಂಕಿ ಎಂಬುದು ವ್ಯಾಪ್ತಿ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂಬ ಆರು ಪ್ರಮಾಣಗಳಿಗೂ (ಜ್ಞಾನ ಪಡೆಯುವ ದಾರಿಗಳಿಗೂ) ಇದೇ ರೀತಿ ಒಂದೊಂದು ಉದಾಹರಣೆ ಬರೆದಿಟ್ಟುಕೊಳ್ಳಿ. ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದರೆ ಅರ್ಥಾಪತ್ತಿ. ವಿಜ್ಞಾನದವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಎರಡು ಸಂಜೆಯ ಓದಿಗೆ ದಕ್ಕುವ ಅಂಕ ಅದು.

ದತ್ತಾಂಶ ವಿಶ್ಲೇಷಣೆಯಲ್ಲಿ ಒಂದು ಕೋಷ್ಟಕ ಕೊಟ್ಟು ಐದು ಪ್ರಶ್ನೆ ಕೇಳುತ್ತಾರೆ. ಕಲಾ ವಿಭಾಗದವರು ಹೆದರಿ ದಾಟಿಸುತ್ತಾರೆ. ಬೇಕಿರುವುದು ಶೇಕಡಾವಾರು, ಸರಾಸರಿ, ಅನುಪಾತ, ಮೂರೇ. ಎಡವುವ ಜಾಗ ಆಧಾರ ಸಂಖ್ಯೆ: ವಿದ್ಯಾರ್ಥಿಗಳು 200ರಿಂದ 250 ಆದರೆ ಶೇ. 25 ಏರಿಕೆ, 250ರಿಂದ 200ಕ್ಕೆ ಇಳಿದರೆ ಶೇ. 20 ಇಳಿಕೆ. ಉನ್ನತ ಶಿಕ್ಷಣ ಮತ್ತು ಪರಿಸರದ ಘಟಕಗಳು ಇಸವಿಗಳ ಮೇಲೆ ನಿಂತಿವೆ: ರಾಧಾಕೃಷ್ಣನ್ ಆಯೋಗ 1948-49, ಯುಜಿಸಿ ಕಾಯ್ದೆ 1956, ಕೊಠಾರಿ ಆಯೋಗ 1964-66, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ 1994; ಪರಿಸರ ಒಪ್ಪಂದಗಳಲ್ಲಿ ಮಾಂಟ್ರಿಯಲ್ 1987, ಕ್ಯೋಟೊ 1997, ಪ್ಯಾರಿಸ್ 2015. ಕಾಲಾನುಕ್ರಮದಲ್ಲಿ ಜೋಡಿಸಿ ಎನ್ನುವ ಪ್ರಶ್ನೆಗೆ ಇವು ಸಾಲಾಗಿ ನೆನಪಿರಬೇಕು.

ಸಮಯದ ಹಂಚಿಕೆಯಲ್ಲಿ ಬಹುತೇಕರು ಉಲ್ಟಾ ಮಾಡುತ್ತಾರೆ: ಸೆಮಿಸ್ಟರ್ ನಡೆಯುವಾಗ ವಿಷಯದ ದಪ್ಪ ಪುಸ್ತಕ ಹಿಡಿದು, ರಜೆಯಲ್ಲಿ ಪತ್ರಿಕೆ ಒಂದನ್ನು ಓದುತ್ತೇವೆ ಎನ್ನುತ್ತಾರೆ. ಆಂತರಿಕ ಅಂಕ, ನ್ಯಾಕ್ ಕಡತ, ಪರೀಕ್ಷಾ ಮೇಲ್ವಿಚಾರಣೆ ಎಂದು ದಿನ ಚೂರುಚೂರಾಗುವಾಗ ದಪ್ಪ ಪುಸ್ತಕ ಮುಂದೆ ಹೋಗುವುದಿಲ್ಲ. ಪತ್ರಿಕೆ ಒಂದರ ಘಟಕಗಳೋ ಸಣ್ಣವು, ಖಾಲಿ ಪಿರಿಯಡ್ಡಿಗೆ ಹೊಂದುತ್ತವೆ. ದೊಡ್ಡ ಓದನ್ನು ಮೌಲ್ಯಮಾಪನ ಮುಗಿದ ನಂತರದ ರಜೆಗೆ ಇಟ್ಟುಕೊಳ್ಳಿ. ವಿಭಾಗದಲ್ಲಿ ಪಾಠ ಹಂಚುವಾಗ ಪತ್ರಿಕೆ ಎರಡರ ಪಠ್ಯಕ್ರಮದಲ್ಲಿ ನಿಮಗೆ ದುರ್ಬಲವಾದ ಘಟಕಕ್ಕೆ ಹೊಂದುವ ಪಾಠವನ್ನೇ ಕೇಳಿ ಪಡೆಯಿರಿ. ಆ ತಯಾರಿ ಎರಡು ಕೆಲಸಕ್ಕೆ ಆಗುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಗಡಿಯಾರ ಇಡಿ. ನೆಟ್‌ನಲ್ಲಿ 150 ಪ್ರಶ್ನೆಗೆ 180 ನಿಮಿಷ, ಅಂದರೆ ಪ್ರಶ್ನೆಗೆ 72 ಸೆಕೆಂಡು. ಎರಡು ಪತ್ರಿಕೆಗಳ ನಡುವೆ ಬಿಡುವಿಲ್ಲ. ಕೆ-ಸೆಟ್‌ಗೆ ಓಎಂಆರ್ ಮಾದರಿಯ ಹಾಳೆಯಲ್ಲೇ ವೃತ್ತ ತುಂಬಿ ಅಭ್ಯಾಸ ಮಾಡಿ. ಎಲ್ಲ ಉತ್ತರ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿ ಕೊನೆಗೆ ತುಂಬುವವರಿಗೆ ಒಂದು ಸಾಲು ಜಾರಿದರೆ ಅಲ್ಲಿಂದ ಕೆಳಗಿನದೆಲ್ಲ ತಪ್ಪು.

ಅರ್ಜಿ ಹಾಕುವ ಮೊದಲೇ ಕಾಗದಪತ್ರ ನೋಡಿಕೊಳ್ಳಿ. ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲು ವರ್ಗಗಳಿಗೆ ಶೇ. 50 ಇರಬೇಕು, ನೆಟ್‌ನಲ್ಲಿ 54.9 ಬಂದದ್ದನ್ನು 55 ಎಂದು ಪೂರ್ಣಾಂಕ ಮಾಡುವುದಿಲ್ಲ. ಜಾತಿ ಪ್ರಮಾಣಪತ್ರದಲ್ಲಿ ಎಡವುವವರು ಇನ್ನೂ ಹೆಚ್ಚು. ಕೆ-ಸೆಟ್‌ಗೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ರಾಜ್ಯದ ಪಟ್ಟಿ. ನೆಟ್‌ಗೆ ಕೇಂದ್ರದ ಒಬಿಸಿ ಪಟ್ಟಿ, ಅದರದೇ ನಮೂನೆಯ ಕೆನೆಪದರರಹಿತ ಪ್ರಮಾಣಪತ್ರ. ಒಂದನ್ನು ಇನ್ನೊಂದರ ಬದಲಿಗೆ ಕೊಟ್ಟರೆ ನಡೆಯುವುದಿಲ್ಲ, ಆದ್ದರಿಂದ ತಹಶೀಲ್ದಾರ್ ಕಚೇರಿಯಿಂದ ಎರಡನ್ನೂ ಬೇರೆ ಬೇರೆಯಾಗಿ ಮಾಡಿಸಿಡಿ.