ಶುಗರ್ ಇದೆಯಲ್ಲ, ಹಾಗೇ ಆಗುತ್ತದೆ

ಉಡುಪಿ, 30 ಜುಲೈ 2024, ಮಂಗಳವಾರ

ದೊಡ್ಡಮ್ಮನ ರಕ್ತಪರೀಕ್ಷೆಯ ವರದಿ ಇವತ್ತು ಮಧ್ಯಾಹ್ನ ಕೈಸೇರಿತು. ಬಿ12 ಜೀವಸತ್ವ ಮಿಲಿಲೀಟರಿಗೆ 118 ಪಿಕೊಗ್ರಾಂ. ಕಡಿಮೆಯೆಂದರೂ 200ರ ಆಸುಪಾಸು ಇರಬೇಕಿತ್ತು.

ಪಾದ ಜುಮ್ಮೆನ್ನುತ್ತದೆ, ಚಪ್ಪಲಿ ಜಾರಿಹೋದದ್ದು ತಿಳಿಯುವುದಿಲ್ಲ, ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯದೆ ಆಗುವುದಿಲ್ಲ ಎಂದು ಅವರು ಹೇಳುತ್ತ ಬಂದು ವರ್ಷಗಳೇ ಆದವು. ಹೋದಲ್ಲೆಲ್ಲ ಒಂದೇ ಉತ್ತರ: ‘ಶುಗರ್ ಇದೆಯಲ್ಲ, ಹಾಗೇ ಆಗುತ್ತದೆ.’ ಆ ಮಾತು ಸುಳ್ಳಲ್ಲ. ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ. ಬಿ12 ಕೊರತೆಯೂ ಕೆಡಿಸುತ್ತದೆ. ಆದರೆ ಒಂದು ಕಾರಣ ಸಿಕ್ಕಿತೆಂದು ಹುಡುಕಾಟವನ್ನೇ ನಿಲ್ಲಿಸಿಬಿಟ್ಟರೆ ಎರಡನೆಯದು ಹಾಯಾಗಿ ಬೆಳೆಯುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ.

ಈ ಸಲದ ವೈದ್ಯರು ಮೊದಲು ಕೇಳಿದ್ದೇ ಬೇರೆ: ‘ಈ ಒಂದೊಂದು ಮಾತ್ರೆಯೂ ಯಾವಾಗ ಶುರುವಾಯಿತು, ಯಾತಕ್ಕೆ?’ ಬಳಿಕ ಶಾಲೆಯ ವಿಜ್ಞಾನ ಪಾಠದಲ್ಲಿ ನೋಡಿದ್ದ ಶ್ರುತಿಕವೆಯನ್ನು ಅಂಗೈಗೆ ಬಡಿದು, ದೊಡ್ಡಮ್ಮನ ಕಾಲಿನ ಹೆಬ್ಬೆರಳಿನ ಮೂಳೆಗೆ ಒತ್ತಿಹಿಡಿದರು. ‘ಮುಟ್ಟಿದ್ದು ತಿಳಿಯುತ್ತದೆ. ನಡುಗುವುದು ತಿಳಿಯುವುದಿಲ್ಲ’ ಎಂದರು ದೊಡ್ಡಮ್ಮ. ಅದನ್ನೇ ಮಣಿಕಟ್ಟಿಗೆ ಇಟ್ಟಾಗ ಬೆಚ್ಚಿ ಕೈ ಎಳೆದುಕೊಂಡರು. ‘ಓ, ಇದಾ!’

ಮನೆಗೆ ಬಂದು ಹಳೆಯ ಚೀಟಿಗಳನ್ನೆಲ್ಲ ಚಾವಡಿಯಲ್ಲಿ ಹರಡಿ ತಾರೀಕಿನಂತೆ ಜೋಡಿಸಿದೆ. ಆಟಿಯ ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಅಡಿಕೆ ಇಡಬೇಕಾಯಿತು. ಉತ್ತರ ಅಲ್ಲೇ ಇತ್ತು. ಚಿಕುನ್‌ಗುನ್ಯಾ ಬಂದ ಮಳೆಗಾಲದಲ್ಲಿ ಗಂಟುನೋವಿಗೆ ನೋವಿನ ಮಾತ್ರೆ, ಅದರಿಂದ ಹೊಟ್ಟೆ ಕೆಡದಿರಲೆಂದು ಪ್ಯಾಂಟೊಪ್ರಜೋಲ್. ನೋವಿನ ಮಾತ್ರೆ ಆ ವರ್ಷವೇ ನಿಂತಿದೆ. ಅದರ ಕಾವಲಿಗೆ ಬಂದ ‘ಗ್ಯಾಸಿನ ಮಾತ್ರೆ’ ಮಾತ್ರ ಚೀಟಿಯಿಂದ ಚೀಟಿಗೆ ದಾಟುತ್ತ ಇವತ್ತಿನವರೆಗೂ ಬಂದಿದೆ. ಜೊತೆಗೆ ಅದಕ್ಕೂ ಹಿಂದಿನಿಂದ ದಿನಕ್ಕೆರಡು ಹೊತ್ತು ಶುಗರಿನ ಮಾತ್ರೆ ಮೆಟ್‌ಫಾರ್ಮಿನ್.

ಆಹಾರದ ಬಿ12 ಪ್ರೊಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದಕ್ಕೆ ಜಠರದ ಆಮ್ಲ ಬೇಕು. ಗ್ಯಾಸಿನ ಮಾತ್ರೆ ತಗ್ಗಿಸುವುದು ಆ ಆಮ್ಲವನ್ನೇ. ಬಿಡಿಸಿಕೊಂಡ ಬಿ12 ಸಣ್ಣಕರುಳಿನ ಕೊನೆಯ ಭಾಗದಲ್ಲಿ ರಕ್ತಕ್ಕೆ ಸೇರಬೇಕು. ಮೆಟ್‌ಫಾರ್ಮಿನ್ ಅಲ್ಲಿ ಅಡ್ಡ ಬರುತ್ತದೆ. ಸಾಲದ್ದಕ್ಕೆ ಮೀನು, ಮೊಟ್ಟೆ ಹತ್ತಿರ ಸುಳಿಯದ ಅಡುಗೆಮನೆ ನಮ್ಮದು. ಬಿ12 ಸಿಗುವುದಿದ್ದರೆ ಹಾಲು ಮೊಸರಿನಿಂದ. ದೊಡ್ಡಮ್ಮನಿಗೋ ಗಂಜಿಯೊಟ್ಟಿಗೆ ನೀರುಮಜ್ಜಿಗೆಯಾದರೆ ಸಾಕು. ಪಿತ್ತಜನಕಾಂಗದಲ್ಲಿ ಈ ಜೀವಸತ್ವದ ದಾಸ್ತಾನು ವರ್ಷಗಟ್ಟಲೆ ಬಾಳುವುದರಿಂದ ಕೊರತೆ ಕಾಣಿಸಿಕೊಳ್ಳುವ ಹೊತ್ತಿಗೆ ಮಾತ್ರೆ ಶುರುವಾದ ಕಾರಣ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ಹೊಟ್ಟೆಹುಣ್ಣಿಗೆ ಚಿಂತೆ, ಖಾರವೇ ಕಾರಣ ಎಂದು ವೈದ್ಯಲೋಕವೇ ನಂಬಿದ್ದ ಕಾಲವೂ ಇತ್ತು. ಅದರ ಹಿಂದೆ ಬ್ಯಾಕ್ಟೀರಿಯ ಇದೆಯೆಂದು ತೋರಿಸಲು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಹೆಲಿಕೊಬ್ಯಾಕ್ಟರ್ ಪೈಲೊರಿಯನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು. ಎಲ್ಲರ ಬಾಯಲ್ಲಿದ್ದ ಉತ್ತರವನ್ನು ಅವರು ಪ್ರಶ್ನಿಸದೇ ಇದ್ದಿದ್ದರೆ ಎಷ್ಟು ಜನ ಆ್ಯಂಟಿಬಯೋಟಿಕ್‌ನಿಂದ ಗುಣವಾಗಬಹುದಾದ ಹುಣ್ಣನ್ನು ಬಾಳಿಡೀ ಹೊತ್ತು ತಿರುಗುತ್ತಿದ್ದರು!

‘ಮೂಲ ಕಾರಣ’ದ ಹೆಸರಿನಲ್ಲಿ ಹೊಟ್ಟೆ ತೊಳೆಯುವ ಪುಡಿ ಮಾರುವವರ ವಿಡಿಯೊಗಳು ನನ್ನ ಮೊಬೈಲಿಗೂ ಬರುತ್ತವೆ. ಹಳೆಯ ಚೀಟಿ ನೋಡದೆ, ರಕ್ತ ಪರೀಕ್ಷಿಸದೆ, ಎಲ್ಲ ರೋಗಕ್ಕೂ ಒಂದೇ ಮೂಲ ಹೇಳುವವರನ್ನು ನಾನು ನಂಬುವುದಿಲ್ಲ. ಮೆಟ್‌ಫಾರ್ಮಿನ್ ಬಿಡಬಾರದು, ಅದು ಬೇಕೇ ಬೇಕು ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ. ಗ್ಯಾಸಿನ ಮಾತ್ರೆಯನ್ನೂ ಥಟ್ಟನೆ ನಿಲ್ಲಿಸಿದರೆ ಎದೆಯುರಿ ಇಮ್ಮಡಿಯಾಗಿ ಮರಳಬಹುದು, ಅದಕ್ಕೆ ಹಂತಹಂತವಾಗಿ ಇಳಿಸುತ್ತಾರಂತೆ. ಬರೀ ಫೋಲಿಕ್ ಆಮ್ಲದ ಮಾತ್ರೆ ನುಂಗಿದರೆ ಬಿ12 ಕೊರತೆಯಿಂದಾದ ರಕ್ತಹೀನತೆ ಸರಿಹೋದಂತೆ ಕಂಡರೂ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ ಎಂದೂ ಎಚ್ಚರಿಸಿದರು.

ನಾಳೆಯಿಂದ ಬಿ12 ಇಂಜೆಕ್ಷನ್. ಜೋಮು ಇಳಿಯುವುದಕ್ಕೆ ತಿಂಗಳುಗಳೇ ಬೇಕು, ಹಳೆಯ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ದೊಡ್ಡಮ್ಮನಿಗೆ ಅದರ ಚಿಂತೆಯಿಲ್ಲ. ‘ಕಾರಣ ಅಂತ ಒಂದು ಇತ್ತಲ್ಲ ಮಗಳೇ. ನಾನು ಸುಮ್ಮನೆ ಹೇಳಿದ್ದಲ್ಲ’ ಎಂದರು. ಕುಂದಾಪುರದ ಚಿಕ್ಕಪ್ಪನಿಗೂ ಮೆಟ್‌ಫಾರ್ಮಿನ್ ಇದೆ, ಅವರ ಬಿ12 ಯಾರೂ ನೋಡಿದಂತಿಲ್ಲ. ಸಂಜೆ ಫೋನ್ ಮಾಡಿ ಹೇಳಿದೆ. ಮುಂದಿನ ತಪಾಸಣೆಯಲ್ಲಿ ಕೇಳುತ್ತಾರಂತೆ.