ಅಲಗು ತಗುಲಿತೇ, ಹಿಮ ತಗುಲಿತೇ?

ನಮ್ಮ ಬೀದಿಯಲ್ಲಿ ಒಂದೇ ಬೆಳಗಿನ ಜಾವ, ರಸ್ತೆಯ ಹಿಮ ತಳ್ಳುವ ಒಂದೇ ಯಂತ್ರದಿಂದ ಎರಡು ಮನೆಗಳ ಅಂಚೆ ಪೆಟ್ಟಿಗೆಗಳು, ಅಂದರೆ ರಸ್ತೆಯಂಚಿನ ಕಂಬದ ಮೇಲೆ ಕೂರಿಸುವ ಮೇಲ್‌ಬಾಕ್ಸ್‌ಗಳು ಮುರಿದುಬಿದ್ದವು. ಒಂದು ನನ್ನದು, ಇನ್ನೊಂದು ಎದುರುಮನೆಯ ಹಿರಿಯ ಮಹಿಳೆಯದು. ನನಗೆ ಪರಿಹಾರ ಬಂತು, ಅವರಿಗೆ ಬರಲಿಲ್ಲ. ಈ ಚಳಿಗಾಲವಿಡೀ ನನ್ನ ಮನಸ್ಸನ್ನು ಕೊರೆಯುತ್ತಿರುವುದು ಆ ವ್ಯತ್ಯಾಸವೇ.

ನಾನಿರುವುದು ಅಮೆರಿಕದ ಉತ್ತರ ಭಾಗದಲ್ಲಿ, ಹಿಮ ಬೀಳುವ ಪ್ರದೇಶದಲ್ಲಿ. ಅಂದು ಸುರಿದದ್ದು ಹಗುರವಾದ ಪುಡಿ ಹಿಮವಲ್ಲ. ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿ ಹೊಯ್ದಾಡುತ್ತಿದ್ದ ರಾತ್ರಿ ಅದು. ನೀರು ಹೀರಿ ತೂಕವಾದ, ಸಲಿಕೆಗೆ ಅಂಟಿಕೊಳ್ಳುವ ಹಿಮ. ಜಾವದಲ್ಲಿ ಯಂತ್ರ ಬಂದದ್ದು ನನಗೆ ತಿಳಿಯಿತು. ಉಕ್ಕಿನ ಅಲಗು ಡಾಂಬರನ್ನು ಕೆರೆಯುವ ಸದ್ದು ಹಾಸಿಗೆಯವರೆಗೂ ಕೇಳಿಸಿತು, ಕಿಟಕಿಯ ಪರದೆಯ ಮೇಲೆ ಹಳದಿ ಬೆಳಕು ಸುತ್ತಿ ಹೋಯಿತು. ಬೀದಿಯ ಕೊನೆಯಲ್ಲಿ ತಿರುಗಿ, ಎದುರು ಬದಿಯನ್ನು ತೆರವು ಮಾಡುತ್ತಾ ಹಿಂದಿರುಗಿತು. ಆ ಸದ್ದು ಕೇಳಿದರೆ ನನಗೆ ಸಮಾಧಾನ. ಆಂಬುಲೆನ್ಸ್ ಬರಬೇಕಾದರೆ ಬರುತ್ತದೆ, ಶಾಲೆಯ ಬಸ್ ಓಡುತ್ತದೆ, ರಾತ್ರಿ ಪಾಳಿಯ ನರ್ಸ್ ಮನೆ ಸೇರುತ್ತಾರೆ ಎಂಬ ಭರವಸೆ ಅದರಲ್ಲಿದೆ.

ಬೆಳಕು ಹರಿದ ಮೇಲೆ ಹೊರಗೆ ಬಂದರೆ ರಸ್ತೆ ಚೊಕ್ಕಟವಾಗಿತ್ತು, ಅದರಂಚಿನಲ್ಲಿ ಸೊಂಟದೆತ್ತರದ ಹಿಮದ ದಿಬ್ಬ ಎದ್ದಿತ್ತು. ನನ್ನ ಮೇಲ್‌ಬಾಕ್ಸ್ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಎದುರು ಬದಿಯಲ್ಲೂ ಇರಲಿಲ್ಲ. ಆ ಹಿರಿಯರು ಬಾಗಿಲಲ್ಲೇ ನಿಂತು ಕೈಯಾಡಿಸಿ ತೋರಿಸುತ್ತಿದ್ದರು. ನಾನು ಸಲಿಕೆ ಹಿಡಿದು ಮೊದಲು ಅವರ ಕಡೆಗೇ ಹೋದೆ.

ನನ್ನ ಪಕ್ಕದ ಮನೆಯವರು ಹೆದ್ದಾರಿಯಲ್ಲಿ ವರ್ಷಗಟ್ಟಲೆ ಹಿಮ ತೆರವು ಲಾರಿ ಓಡಿಸಿ ನಿವೃತ್ತರಾದವರು. ನಾವು ಅಗೆಯುವುದನ್ನು ನೋಡಿ ಅವರೂ ಬಂದರು. ಕಂಬ, ಪೆಟ್ಟಿಗೆ ಎರಡೂ ಸಿಕ್ಕಿದ ಮೇಲೆ ಅವರು ಕೈಗವಸು ತೆಗೆದು, ಮುರಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಮರ ಒಳಗೆ ಕೊಳೆತಿರಲಿಲ್ಲ. ತಿಳಿ ಹಳದಿ ನಾರುಗಳು ಉದ್ದುದ್ದ ಸಿಗಿದು ನಿಂತಿದ್ದವು. ಗಟ್ಟಿ ಮರ ಬಲವಂತಕ್ಕೆ ಬಾಗಿ ಮುರಿದ ಗುರುತು ಅದು. ಪೆಟ್ಟಿಗೆಯ ಒಂದು ಮಗ್ಗುಲು ತಟ್ಟೆಯಂತೆ ಅಗಲವಾಗಿ ಒಳಕ್ಕೆ ತಗ್ಗಿತ್ತು, ಎಲ್ಲೂ ಗೀರು ಇರಲಿಲ್ಲ. ಮುಚ್ಚಳ ಕಿತ್ತುಬಂದು, ಒಳಗೆಲ್ಲ ಹಿಮ ಗಿಡಿದು ತುಂಬಿ ಕಲ್ಲಿನಂತಾಗಿತ್ತು.

"ಇದು ಅಲಗಿನ ಏಟಲ್ಲ, ಹಿಮದ ಏಟು" ಎಂದರು ಅವರು. "ಅಲಗು ತಗುಲಿದ್ದರೆ ತಗಡು ಹರಿದಿರುತ್ತಿತ್ತು."

ನನ್ನ ಪೆಟ್ಟಿಗೆಯ ಕಥೆ ಬೇರೆ. ಕಂಬದ ಮೇಲೆ ಕಿತ್ತಳೆ ಬಣ್ಣದ ಗೀಟು ಸ್ಪಷ್ಟವಾಗಿತ್ತು. ದೊಡ್ಡ ಲಾರಿಗಳಿಗೆ ಮುಂದಿನ ಅಲಗಲ್ಲದೆ ಬಲಗಡೆ ರೆಕ್ಕೆಯಂತೆ ಚಾಚುವ ಇನ್ನೊಂದು ಅಲಗೂ ಇರುತ್ತದೆ. ಅದರ ತುದಿ ನನ್ನ ಕಂಬವನ್ನು ಸವರಿಕೊಂಡು ಹೋಗಿತ್ತು. "ಈ ಗೀಟನ್ನು ಅಳಿಸಬೇಡಿ, ಈಗಲೇ ಫೋಟೊ ತೆಗೆಯಿರಿ" ಎಂದರು. ತೆಗೆದೆ. ಎದುರುಮನೆಯದನ್ನೂ ಎಲ್ಲ ಕಡೆಯಿಂದ ತೆಗೆದೆ.

ಮೇಲ್‌ಬಾಕ್ಸ್ ಇಷ್ಟು ಸುಲಭವಾಗಿ ಮುರಿಯುವುದೇಕೆ ಎಂದು ಕೇಳುವವರಿದ್ದಾರೆ. ಕಬ್ಬಿಣದ ತೊಲೆ ನೆಟ್ಟುಬಿಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅದು ಅಪಾಯಕಾರಿ ಸಲಹೆ. ಅಮೆರಿಕದ ಅಂಚೆ ಇಲಾಖೆಯ ಅಳತೆಯ ಪ್ರಕಾರ ಪೆಟ್ಟಿಗೆ ರಸ್ತೆಯ ಮಟ್ಟದಿಂದ 41ರಿಂದ 45 ಅಂಗುಲ ಎತ್ತರದಲ್ಲಿ, ರಸ್ತೆಯಂಚಿನಿಂದ ಕೇವಲ 6ರಿಂದ 8 ಅಂಗುಲ ಹಿಂದೆ ಇರಬೇಕು. ಪತ್ರ ತರುವವರು ವಾಹನದಿಂದ ಇಳಿಯದೆ ಕೈ ಚಾಚಿ ಹಾಕುವಂತಿರಬೇಕು. ಕಂಬ 4 ಅಂಗುಲ ಚೌಕದ ಮರ ಅಥವಾ 2 ಅಂಗುಲ ವ್ಯಾಸದ ಉಕ್ಕಿನ ಕೊಳವೆಯಾಗಿದ್ದು, ನೆಲದೊಳಗೆ 24 ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು ಎಂಬುದು ಹೆದ್ದಾರಿ ಸುರಕ್ಷತೆಯವರ ಶಿಫಾರಸು. ದಾರಿ ತಪ್ಪಿದ ಕಾರೊಂದು ಬಂದು ಗುದ್ದಿದರೆ ಕಂಬ ಮುರಿಯಬೇಕು, ಕಾರಿನಲ್ಲಿರುವವರು ಉಳಿಯಬೇಕು. ಈ ನಿಯಮ ಮಾನವೀಯವಾದದ್ದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದರ ಅರ್ಥವನ್ನೂ ಪೂರ್ತಿ ಒಪ್ಪಿಕೊಳ್ಳಬೇಕಲ್ಲವೇ? ರಸ್ತೆಗೆ ಇಷ್ಟು ಹತ್ತಿರ ನಿಲ್ಲಿಸಿ, ಮುರಿಯದಷ್ಟು ಗಟ್ಟಿಯಾಗಿ ನಿಲ್ಲಿಸಬೇಡಿ ಎಂದು ಹೇಳುವುದು ಸರ್ಕಾರವೇ. ಎದುರುಮನೆಯ ಹಿರಿಯರು ಆ ಅಳತೆಯನ್ನು ಅಂಗುಲವೂ ತಪ್ಪದೆ ಪಾಲಿಸಿದ್ದರು.

ನಗರದ ರಸ್ತೆ ವಿಭಾಗಕ್ಕೆ ನಾನೇ ಫೋನ್ ಮಾಡಿದೆ. ಎತ್ತಿದವರು ಸೌಜನ್ಯದಿಂದಲೇ ಮಾತನಾಡಿದರು. ಅವರು ಕೇಳಿದ ಮೊದಲ ಪ್ರಶ್ನೆ: "ಯಂತ್ರ ತಗುಲಿತೇ, ಇಲ್ಲ ಹಿಮ ತಗುಲಿತೇ?" ಯಂತ್ರ ನೇರವಾಗಿ ತಗುಲಿದ್ದಕ್ಕೆ ಪುರಾವೆಯಿದ್ದರೆ ನಗರ ಹಣ ಕೊಡುತ್ತದೆ, ಯಂತ್ರ ತಳ್ಳಿದ ಹಿಮದಿಂದ ಮುರಿದಿದ್ದರೆ ಹೊಣೆ ಮನೆಯವರದೇ. ನಮ್ಮಲ್ಲಿ ಮಾತ್ರವಲ್ಲ, ಹಿಮ ಬೀಳುವ ಎಷ್ಟೋ ಊರುಗಳಲ್ಲಿ ಇದೇ ನಿಯಮ. ನನ್ನ ಕಿತ್ತಳೆ ಗೀಟಿನ ಫೋಟೊ ಹೋದದ್ದೇ ತಡ, ಹೊಸ ಕಂಬಕ್ಕೂ ಪೆಟ್ಟಿಗೆಗೂ ಸಾಕಾಗುವಷ್ಟು ಹಣ ಮಂಜೂರಾಯಿತು. ಎದುರುಮನೆಗೆ ಬಂದದ್ದು ಒಂದು ಪುಟದ ಪತ್ರ. ಯಂತ್ರದ ಯಾವ ಭಾಗವೂ ತಗುಲಿದ ಕುರುಹು ಕಾಣದ ಕಾರಣ ಅರ್ಜಿಯನ್ನು ಪರಿಗಣಿಸಲಾಗದು ಎಂದಿತ್ತು. ಅವರು ಅದನ್ನು ಮಡಿಸಿ ನನ್ನ ಕೈಗಿತ್ತು, "ಹೋಗಲಿ ಬಿಡಿ" ಎಂದರು. ನನಗೆ ಬಿಡಲಾಗಲಿಲ್ಲ.

ಈ ನಿಯಮದ ಹಿಂದೆಯೂ ಕಾರಣವಿದೆ. ಡಾಂಬರು ಮುಗಿದ ಕಡೆ ರಸ್ತೆ ಮುಗಿಯುವುದಿಲ್ಲ. ಅದರಾಚೆಗಿನ ಪಟ್ಟಿಯೂ ಸಾರ್ವಜನಿಕ ಜಾಗವೇ, ಹಿಮವನ್ನು ತಳ್ಳಿಡಲು ಇರುವುದೂ ಅದೇ. ಕಂಬ ಹಿಡಿದು ಅಲ್ಲಾಡಿಸಿದರೆ ಬುಡದಲ್ಲೇ ತೂಗಾಡುವ ಪೆಟ್ಟಿಗೆಗಳು ಯಾವ ಬೀದಿಯಲ್ಲಿಲ್ಲ? ಅವುಗಳಿಗೆಲ್ಲ ತೆರಿಗೆಯ ಹಣ ಕೊಡಲು ಸಾಧ್ಯವಿಲ್ಲ. ಇಷ್ಟು ನ್ಯಾಯವೇ. ಆದರೆ ಗಟ್ಟಿ ಕಂಬವೊಂದು ನಾರು ಸಿಗಿದು ಮುರಿದಿರುವಾಗ "ಅದು ಹಿಮ, ನಾವಲ್ಲ" ಎಂದರೆ ಒಪ್ಪುವುದು ಹೇಗೆ? ಹಿಮ ತಾನಾಗಿ ಅಡ್ಡಡ್ಡ ಹಾರುವುದಿಲ್ಲ.

ಲೆಕ್ಕವನ್ನು ನೋಡಿ. ಆಗಷ್ಟೇ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೊ ತೂಗಬಹುದು. ನೀರು ಹೀರಿದ ಹಿಮ 300 ಕಿಲೊ ಮುಟ್ಟಬಲ್ಲದು. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪನ್ನು ತುಂಬಿಕೊಂಡ ದೊಡ್ಡ ಲಾರಿ 20 ಟನ್ ಮೀರಬಲ್ಲದು, ಅದರ ಅಲಗು 3 ಮೀಟರಿಗೂ ಅಗಲ. ಅದು ಓರೆಯಾಗಿ ನಿಂತು ಈ ತೂಕವನ್ನೆಲ್ಲ ನಿರಂತರವಾಗಿ ಬಲಕ್ಕೆ ಎರಚುತ್ತಾ ಸಾಗುತ್ತದೆ. ವೇಗ ಎರಡು ಪಟ್ಟಾದರೆ ಎರಚಿದ ಹಿಮದ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಪೆಟ್ಟಿಗೆ ಉಳಿಯುವುದೋ ಬೀಳುವುದೋ ಎಂಬುದು ಬಹುಮಟ್ಟಿಗೆ ಹಿಮದ ಹಸಿ ಮತ್ತು ಲಾರಿಯ ವೇಗ ಸೇರಿ ತೀರ್ಮಾನಿಸುವ ಸಂಗತಿ. ಮೊದಲನೆಯದು ಯಾರ ಕೈಯಲ್ಲೂ ಇಲ್ಲ. ಎರಡನೆಯದು ಚಾಲಕರ ಕಾಲಡಿಯಲ್ಲಿದೆ.

2022ರ ಜನವರಿಯಲ್ಲಿ ಓಹಯೋ ಟರ್ನ್‌ಪೈಕ್ ಹೆದ್ದಾರಿಯಲ್ಲಿ ನಡೆದದ್ದನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಿಮ ತೆರವು ಲಾರಿಯೊಂದು ವೇಗವಾಗಿ ಸಾಗುತ್ತಾ ಹಿಮವನ್ನೂ ಕೆಸರನ್ನೂ ಮಧ್ಯದ ತಡೆಗೋಡೆಯಾಚೆಗೆ, ಎದುರಿನಿಂದ ಬರುತ್ತಿದ್ದ ವಾಹನಗಳ ಮೇಲೆ ಎರಚಿತು. 40ಕ್ಕೂ ಹೆಚ್ಚು ವಾಹನಗಳು ಜಖಂಗೊಂಡವು, ಗಾಜುಗಳು ಒಡೆದವು, ಜನರಿಗೆ ಗಾಯಗಳಾದವು. ಲಾರಿಯ ಅಲಗು ಅವುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಆದರೂ ಅಲ್ಲಿ ಯಾರೂ ಹಿಮದ ಮೇಲೆ ತಪ್ಪು ಹೊರಿಸಲಿಲ್ಲ.

ಚಾಲಕರನ್ನು ಖಳರನ್ನಾಗಿ ಮಾಡುವುದು ನನ್ನ ಉದ್ದೇಶ ಖಂಡಿತ ಅಲ್ಲ. ಪಕ್ಕದ ಮನೆಯವರು ಹೇಳಿದ ಕೆಲಸದ ರೀತಿ ಕೇಳಿದರೆ ಗೌರವ ಹೆಚ್ಚುತ್ತದೆ. ಹನ್ನೆರಡು ಗಂಟೆಯ ಪಾಳಿ, ಒರೆಸಿದಷ್ಟೂ ಮಂಜುಗಟ್ಟುವ ಗಾಜು, ದೀಪದ ಬೆಳಕಿಗೆ ಎದುರಾಗಿ ಸುರಿಯುವ ಹಿಮ. ಬಲಗಡೆಯ ರೆಕ್ಕೆಯ ತುದಿಯೇ ಅವರಿಗೆ ಸರಿಯಾಗಿ ಕಾಣುವುದಿಲ್ಲ. ಹಿಮದಡಿ ಮುಚ್ಚಿಹೋದ ಮ್ಯಾನ್‌ಹೋಲ್ ಮುಚ್ಚಳಕ್ಕೆ ಅಲಗು ಬಡಿದರೆ ಆಘಾತ ತಡೆಯಲೆಂದು ಸ್ಪ್ರಿಂಗ್ ಇಟ್ಟು, ಅಲಗಿನ ಅಂಚು ಹಿಂದಕ್ಕೆ ಮಡಚುವಂತೆ ಮಾಡಿರುತ್ತಾರೆ. ಆದರೂ ಕೂತವರ ಬೆನ್ನುಮೂಳೆ ಝುಮ್ಮೆನ್ನುತ್ತದಂತೆ. ತೀರಾ ನಿಧಾನವಾದರೆ ತೂಕದ ಹಿಮ ಅಲಗಿನಿಂದ ಕಳಚಿ ಬದಿಗೆ ಬೀಳುವುದೂ ಇಲ್ಲ. "ಮನೆಗಳಿರುವ ಬೀದಿಗೆ ಬಂದಾಗ ನಾನು ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಿದ್ದೆ. ಆದರೆ ಮುಗಿಸಬೇಕಾದ ಬೀದಿಗಳ ಪಟ್ಟಿ ಉದ್ದವಿದ್ದ ದಿನ ಎಲ್ಲರೂ ಎತ್ತುವುದಿಲ್ಲ" ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲಿದೆ. ಪಟ್ಟಿಯನ್ನು ಉದ್ದ ಮಾಡಿದ್ದು ಚಾಲಕರಲ್ಲ.

ಇತ್ತ ಹಿರಿಯರ ಕಷ್ಟ ದಿನವೂ ಕಣ್ಣಿಗೆ ಬೀಳುತ್ತಿತ್ತು. ಅವರ ರಕ್ತದೊತ್ತಡದ ಮಾತ್ರೆಗಳು ಬರುವುದು ಅಂಚೆಯಲ್ಲಿ. ಪೆಟ್ಟಿಗೆ ಇಲ್ಲದೆ ಪತ್ರ ಹಾಕಲಾಗದು, ಅಂಚೆ ಕಚೇರಿಯಲ್ಲಿ ಇಟ್ಟಿರುತ್ತೇವೆ, ಬಂದು ಒಯ್ಯಿರಿ ಎಂದು ತಿಳಿಸಿದರು. ಪಾದಚಾರಿ ಮಾರ್ಗದ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿರುವಾಗ ಅವರು ಹೊರಡುವುದಾದರೂ ಹೇಗೆ? ಹೊಸ ಕಂಬ ನೆಡೋಣವೆಂದರೆ ನೆಲ ಹೆಪ್ಪುಗಟ್ಟಿದೆ, ಹಾರೆ ಇಳಿಯುವುದಿಲ್ಲ. ಕೊನೆಗೆ ಪಕ್ಕದ ಮನೆಯವರೂ ನಾನೂ ಸೇರಿ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನ ನಡುವೆ ಕಂಬ ನಿಲ್ಲಿಸಿ ಕಾಂಕ್ರೀಟ್ ಸುರಿದೆವು. ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ ಅದು ಬಿಗಿಯುವವರೆಗೆ ಬಿಟ್ಟು, ಆಮೇಲೆ ಜಾರುಬಂಡಿಯ ಮೇಲಿಟ್ಟು ಎಳೆದು ತಂದು ರಸ್ತೆಯಂಚಿನಲ್ಲಿ ಇರಿಸಿದೆವು. ತಗ್ಗಿದ ಪೆಟ್ಟಿಗೆಯನ್ನೇ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಸರಿಮಾಡಿ ಕೂರಿಸಿದೆವು. ಪಕ್ಕದಲ್ಲಿ ಎತ್ತರದ ಪ್ರತಿಫಲಕ ಕಡ್ಡಿಯೊಂದನ್ನೂ ಹಿಮದಲ್ಲಿ ಊರಿದೆವು, ಕತ್ತಲಲ್ಲಿ ಬರುವ ಚಾಲಕರಿಗೆ ದೂರದಿಂದಲೇ ಕಾಣಲೆಂದು.

ಆ ಪತ್ರಕ್ಕೆ ನಾವು ಮೇಲ್ಮನವಿ ಸಲ್ಲಿಸಿದ್ದೇವೆ. ನಮ್ಮ ನಗರದ ಹಿಮ ತೆರವು ಲಾರಿಗಳಲ್ಲಿ ಜಿಪಿಎಸ್ ಇದೆ. ಯಾವ ಲಾರಿ, ಯಾವ ಬೀದಿಯಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ವೇಗದಲ್ಲಿ ಹೋಯಿತು ಎಂಬುದು ದಾಖಲಾಗುತ್ತದೆ. ಗೀರು ಹುಡುಕುವ ಬದಲು ಆ ದಾಖಲೆಯನ್ನು ನೋಡಿ ಎಂಬುದೇ ನಮ್ಮ ಬೇಡಿಕೆ. ಅಳತೆಗೆ ಸರಿಯಾಗಿ, ಗಟ್ಟಿಯಾಗಿ ನೆಟ್ಟಿದ್ದ ಕಂಬ ಮಿತಿ ಮೀರಿದ ವೇಗಕ್ಕೆ ಮುರಿದಿದ್ದರೆ, ಮುರಿದದ್ದು ಉಕ್ಕೋ ಹಿಮವೋ ಎಂದು ಕೇಳದೆ ಹಣ ಕೊಡಬೇಕು. ವೇಗ ಮಿತಿಯೊಳಗೇ ಇದ್ದರೆ ಅದನ್ನೂ ಒಪ್ಪಿಕೊಳ್ಳುತ್ತೇವೆ ಎಂದು ಬರೆದುಕೊಟ್ಟಿದ್ದೇವೆ. ಹಿರಿಯರ ಸಹಿಯ ಕೆಳಗೆ ನನ್ನದಿದೆ, ನಿವೃತ್ತ ಚಾಲಕರದೂ ಇದೆ. ನಗರ ಸಭೆಯ ಮುಂದಿನ ಬೈಠಕ್ಕಿನಲ್ಲಿ ವಿಷಯ ಚರ್ಚೆಗೆ ಬರಲಿದೆ. ಮುರಿದ ಕಂಬವನ್ನು ಗ್ಯಾರೇಜಿನಲ್ಲಿ ಹಾಗೆಯೇ ಎತ್ತಿಟ್ಟಿದ್ದೇನೆ. ಅಂದು ಅದನ್ನು ಸದಸ್ಯರ ಮುಂದೆ ಇಡುತ್ತೇವೆ.